ಮುದುಕರಾದ ಮೇಲೆ

ನಲವತ್ತು ವರ್ಷ ನನ್ನನ್ನು "ಲೇ ಗುತ್ಯಾ" ಎಂದು ಕರೆದ ಮಲ್ಲಿಕಸಾಬ, ಈ ಸಲ ತೋಟದ ಬಾಗಿಲಲ್ಲಿ ನನ್ನನ್ನು ನೋಡಿ "ಬರ್ರಿ, ಕುಂತ್ರಿ" ಎಂದ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಸ್ ಕಂಡಕ್ಟರಾಗಿ ದುಡಿದು ರಿಟೈರಾದವನು ನಾನು; ಬೈಸಿಕೊಳ್ಳುವುದು, ತಿರುಗಿ ಬೈಯುವುದು ಎರಡೂ ನನಗೆ ರೂಢಿ. ಚಿಲ್ಲರೆ ಇಲ್ಲ ಎಂದು ಬೈದಿದ್ದಾರೆ, ಸೀಟು ಇಲ್ಲ ಎಂದು ಬೈದಿದ್ದಾರೆ, ಜಾತಿ ಹಿಡಿದೂ ಬೈದಿದ್ದಾರೆ. ಆದರೆ ಈ ಮರ್ಯಾದೆಯನ್ನು ಹೇಗೆ ತಡೆದುಕೊಳ್ಳಬೇಕೆಂದು ನನಗೆ ತಿಳಿಯಲಿಲ್ಲ. ಗುರುತಿಲ್ಲದವರಿಗೆ ಕೊಡುವ ಮರ್ಯಾದೆ ಅದು. ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿ ಸ್ವಲ್ಪ ಹೊತ್ತು ಹಾಗೇ ಇದ್ದೆ.

ವೀಳ್ಯದೆಲೆ ತೋಟಕ್ಕೆ ಯಾರೂ ಚಪ್ಪಲಿ ಮೆಟ್ಟಿ ಹೋಗುವುದಿಲ್ಲ. ಸವಣೂರಿನಲ್ಲಿ ಹಿಂದೂಗಳ ತೋಟವಾದರೂ ಸರಿ, ಮುಸಲ್ಮಾನರ ತೋಟವಾದರೂ ಸರಿ, ಚಪ್ಪಲಿ ಬಾಗಿಲ ಹೊರಗೇ. ಮಲ್ಲಿಕನ ತೋಟದ ಬಾಗಿಲಲ್ಲಿ ನನ್ನ ಕರಿ ಬೂಟು ಕಂಡರೆ ಓಣಿಯವರಿಗೆಲ್ಲ ಗೊತ್ತಾಗುತ್ತಿತ್ತು, ಹಾನಗಲ್ಲಿನ ಕಂಡಕ್ಟರ್ ಬಂದಿದ್ದಾನೆ ಎಂದು. ಈಗ ನಾನು ಮೆಟ್ಟುವುದು ಸಕ್ಕರೆ ಕಾಯಿಲೆಯವರ ಮೆತ್ತನೆ ಚಪ್ಪಲಿ. ನೀಲಿ ಬಣ್ಣದ್ದು, ನೋಡಿದರೆ ನನಗೇ ಸಿಟ್ಟು ಬರುತ್ತದೆ.

ಈ ಸಲ ನನ್ನನ್ನು ಯಾರೂ ಕರೆದಿರಲಿಲ್ಲ. ನಾನೇ ಫೋನ್ ಮಾಡಿ ಕರೆಸಿಕೊಂಡಿದ್ದೆ. ಮಲ್ಲಿಕನ ಮಗ ರಫೀಕ ಪೇಟೆಯಲ್ಲಿ ಖಾರದ ಅಂಗಡಿ ಇಟ್ಟಿದ್ದಾನೆ. ಹಿಂದೆ ಎಣ್ಣೆ ಚಟಪಟ ಅನ್ನುತ್ತಿರುವಾಗಲೇ ಫೋನ್ ಎತ್ತಿದ.

"ಬಳ್ಳಿ ಇಳಸೂದು ಯಾವಾಗಪಾ ರಫೀಕ?"

"ಈ ವರ್ಷ ಇಲ್ರಿ ಕಾಕಾ. ಎಲಿ ತೋಟ ತಗದ ಬಿಡ್ತೇವಿ. ಅಬ್ಬಾನ ಕಡೆ ಆಗೂದಿಲ್ಲ, ನನಗ ಅಂಗಡಿ ಬಿಟ್ಟು ಬರಾಕ ಆಗೂದಿಲ್ಲ. ಮಳಿ ಬಿದ್ದ ಮ್ಯಾಲ ಗೊಂಜಾಳ ಹಾಕಸ್ತೇನಿ."

ಅವನು ಹೇಳಿದ್ದು ಸರಿಯೇ. ಆದರೂ ನಾನು ಫೋನ್ ಇಡಲಿಲ್ಲ. ಎಲೆ ಇಲ್ಲವೆಂದರೆ ಬಳ್ಳಿ ಇಲ್ಲ. ಬಳ್ಳಿ ಇಲ್ಲವೆಂದರೆ ನಾನು ಸವಣೂರಿಗೆ ಹೋಗಲು ಕಾರಣವಿಲ್ಲ. ನಾನು ಮಲ್ಲಿಕನಿಗೆ ಯಾರು? ಬೀಗನಲ್ಲ, ಕುಲದವನಲ್ಲ, ಊರವನಲ್ಲ. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಚಿತ್ರ, ಅವನ ಮನೆಯ ಗೋಡೆಯ ಮೇಲೆ ಮಕ್ಕಾದ ಚಿತ್ರ. ವರ್ಷಕ್ಕೊಮ್ಮೆ ಬಳ್ಳಿ ಇಳಿಸಲು ಬರುವ ಗೆಳೆಯ ಎಂಬುದೊಂದೇ ನನ್ನ ಹಕ್ಕು. ಅದೂ ಹೋದರೆ ಇನ್ನು ಅವನ ಮಣ್ಣಿಗೆ ಕರೆದಾಗಲೇ ಹೋಗಬೇಕು. ಆಗಲಾದರೂ ಕರೆಯುತ್ತಾರೋ ಇಲ್ಲವೋ.

"ಗುಡಸಲ ಮುಂದಿನ ಎರಡ ಸಾಲರ ಇಳಸೂಣಪಾ. ಇಲ್ಲಂದ್ರ ನಿಮ್ಮ ಅಬ್ಬಾಗ ಸಮಾಧಾನ ಇರೂದಿಲ್ಲ" ಎಂದೆ.

ರಫೀಕ ಒಲೆ ಸಣ್ಣ ಮಾಡಿದ, ಎಣ್ಣೆಯ ಸಪ್ಪಳ ತಗ್ಗಿತು. "ಅಬ್ಬಾಗ ಈಗ ಯಾವ ತಿಂಗಳ ಅನ್ನೂದೂ ಗೊತ್ತಿಲ್ರಿ. ನಿಮಗ ಸಮಾಧಾನ ಆಗೂದಿದ್ರ ಬರ್ರಿ ಕಾಕಾ" ಎಂದ.

ಒಳ್ಳೆಯ ಹುಡುಗ. ನಾನು ಬಯಸಿದ್ದು ಹೆಚ್ಚೇನಲ್ಲ. ತೋಟ ಹೋಗುವ ಮೊದಲು ಒಂದೇ ಒಂದು ಸಲ ಅವನು ನನ್ನ ಗುರುತು ಹಿಡಿಯಬೇಕು. ಒಂದು ಸಲ "ಲೇ ಗುತ್ಯಾ" ಅನ್ನಬೇಕು. ಅಷ್ಟಾದರೆ ಉಳಿದ ದಿನಗಳನ್ನು ಹೇಗೋ ನೂಕುತ್ತೇನೆ ಅಂದುಕೊಂಡೆ.

ಹೊರಡುವಾಗ ಅಕ್ಕ ಮಂಜವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಗಂಡ ಸತ್ತ ಮೇಲೆ ನನ್ನ ಜೊತೆಯೇ ಇದ್ದಾಳೆ. "ಎಲಿ ತಿನ್ನಾಂವಲ್ಲ, ಅಡಿಕಿ ತಿನ್ನಾಂವಲ್ಲ, ಆ ಎಲಿ ತೋಟದಾಗ ಏನ್ ಇಟ್ಟೀಪಾ ನೀನು?" ಎಂದು ವರ್ಷವರ್ಷವೂ ಕೇಳುವುದನ್ನೇ ಕೇಳಿದಳು. ನಾನು ಚೀಲ ತೆಗೆದುಕೊಂಡೆ. ನನ್ನ ಮದುವೆಯ ಮಾತನ್ನು ಅವಳು ಬಿಟ್ಟು ಬಹಳ ವರ್ಷವಾಯಿತು. ಯಾಕೆ ಬಿಟ್ಟೆ ಎಂದು ನಾನೂ ಕೇಳಿಲ್ಲ.

ಮಲ್ಲಿಕನ ಪರಿಚಯವಾದದ್ದು ಜಗಳದಿಂದ. ಆಗ ನಾನು ಹೊಸ ಕಂಡಕ್ಟರ್, ಸವಣೂರಿನಿಂದ ಯಲವಿಗಿಗೆ ಹೋಗುವ ಬೆಳಗಿನ ಬಸ್ಸು. ಎಲೆ ತೋಟದವರು ಬುಟ್ಟಿಗಳನ್ನು ಬಸ್ಸಿನ ಟಾಪಿಗೇರಿಸಿ ಯಲವಿಗಿ ಸ್ಟೇಶನ್ನಿಗೆ ಒಯ್ಯುತ್ತಿದ್ದರು, ಅಲ್ಲಿಂದ ರೈಲಿಗೆ. ಎಲೆ ಬಾಡಬಾರದೆಂದು ಬುಟ್ಟಿಗೆ ನೀರು ಹೊಡೆದಿರುತ್ತಾರೆ. ಆ ನೀರು ಕಿಟಕಿಯಿಂದ ಇಳಿದು ಒಬ್ಬ ಮಾಸ್ತರರ ಧೋತರ ತೊಯ್ಯಿಸಿತು. ಮಾಸ್ತರರು ನನ್ನನ್ನು ಬೈದರು. ನಾನು ಬಸ್ಸು ನಿಲ್ಲಿಸಿ, ಬುಟ್ಟಿಯವನನ್ನು ಬೈಯುತ್ತ ಟಾಪು ಹತ್ತಿದೆ. ಅಲ್ಲಿ ಮಲ್ಲಿಕ ಬುಟ್ಟಿಗಳ ನಡುವೆ ಮಹಾರಾಜನಂತೆ ಕೂತಿದ್ದ. ಬುಟ್ಟಿಗಳನ್ನು ಸರಿಸಿ ಹಗ್ಗ ಬಿಗಿದು ನಾನೇ ಗಂಟು ಹಾಕಿದೆ. ಅವನು ಗಂಟನ್ನು ನೋಡಿ, ನನ್ನನ್ನು ನೋಡಿ, "ಇದನ್ನ ಬಿಚ್ಚಾಕ ಕೊಡ್ಲಿ ಬೇಕಾಕ್ಕೈತಿ ಸಾಹೇಬ್ರ" ಎಂದು ನಕ್ಕ.

ಆ ನಗೆಗೆ ನಾನು ಹಾಳಾದೆ. ಬೇರೆ ಮಾತಿಲ್ಲ.

ನಮ್ಮಂಥವರಿಗೆ ಈಗ ಪೇಪರಿನಲ್ಲಿ ಹೆಸರು ಬರೆಯುತ್ತಾರೆ, ಸಲಿಂಗಿ ಎಂದು. ಆಗ ನಮಗೆ ಹೆಸರಿರಲಿಲ್ಲ, ಬರೀ ಬೈಗುಳ ಇದ್ದವು. ಆ ಬೈಗುಳ ಯಾವುವೂ ನಾವಲ್ಲ ಎಂದು ನನಗೆ ಗೊತ್ತಿತ್ತು. ನಾನು ಒಬ್ಬ ಗಂಡಸು, ಇನ್ನೊಬ್ಬ ಗಂಡಸನ್ನು ಪ್ರೀತಿಸಿದೆ. ಅವನಿಗೆ ಆಗಲೇ ನಿಕಾ ಗೊತ್ತಾಗಿತ್ತು. ಹೆಂಡತಿ ಹಾಜರಾಬಿ, ಸಿಟ್ಟಾಗಲು ನನಗೆ ಒಂದು ಕಾರಣವನ್ನೂ ಕೊಡದ ಹೆಂಗಸು. ನಾನು ಬಂದರೆ ಇಬ್ಬರಿಗೂ ಸೇರಿಸಿ ಒಂದೇ ದೊಡ್ಡ ತಾಟಿನಲ್ಲಿ ಊಟ ಕಳಿಸುತ್ತಿದ್ದಳು. ನಮ್ಮೂರಲ್ಲಿ ನನಗೆ ನೀರನ್ನು ಎತ್ತರದಿಂದ ಹೊಯ್ಯುತ್ತಿದ್ದ ಕಾಲ ಅದು. ಆ ತಾಟಿನ ಮುಂದೆ ಮೊದಲ ಸಲ ಕೂತಾಗ ನನಗೆ ತುತ್ತು ಇಳಿಯಲಿಲ್ಲ. ಬೇರೆ ಕೆಲವು ಎಲೆ ತೋಟಗಳಲ್ಲಂತೂ ನಮ್ಮ ಜನ ಕಾಲಿಟ್ಟರೆ ಬಳ್ಳಿ ಬಾಡುತ್ತದೆ ಅನ್ನುತ್ತಿದ್ದರು. ಮಲ್ಲಿಕ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದ. ಯಾವ ಬಳ್ಳಿಯೂ ಬಾಡಲಿಲ್ಲ.

ಬಳ್ಳಿ ಇಳಿಸುವ ನೆಪವನ್ನು ಹುಡುಕಿದವನೂ ಅವನೇ. ಎಲೆಬಳ್ಳಿ ವರ್ಷವಿಡೀ ನುಗ್ಗೆ ಗಿಡ, ಚೊಗಚೆ ಗಿಡಗಳನ್ನು ಹಿಡಿದು ಮೇಲೇರುತ್ತದೆ. ಆಮೇಲೆ ತುದಿಯಲ್ಲಷ್ಟೇ ಎಲೆ, ಕೆಳಗೆಲ್ಲ ಬರೀ ಕಾಂಡ. ಚಳಿ ಮುಗಿದು ಬಿಸಿಲು ಏರುವ ಮೊದಲು ಅದನ್ನು ಬಿಚ್ಚಿ, ಕೆಳಗಿಳಿಸಿ, ಬೋಳು ಕಾಂಡವನ್ನು ಬುಡದಲ್ಲೇ ಸುರುಳಿ ಸುತ್ತಿ ಮಣ್ಣು ಗೊಬ್ಬರ ಮುಚ್ಚುತ್ತಾರೆ. ತುದಿಯನ್ನು ಮತ್ತೆ ಗಿಡಕ್ಕೆ ಕಟ್ಟುತ್ತಾರೆ. ಹೂತ ಕಾಂಡ ಹೊಸ ಬೇರು ಬಿಡುತ್ತದೆ, ಮುದಿ ಬಳ್ಳಿ ಮತ್ತೆ ಚಿಗುರುತ್ತದೆ. ಒಬ್ಬನೇ ಎಳೆದರೆ ಬಳ್ಳಿ ಮುರಿಯುತ್ತದೆ. ಒಬ್ಬ ಏಣಿಯ ಮೇಲಿಂದ ಬಿಚ್ಚಬೇಕು, ಇನ್ನೊಬ್ಬ ಕೆಳಗೆ ಎರಡೂ ಕೈಯಲ್ಲಿ ಹಿಡಿಯಬೇಕು. ಆಳುಗಳು ಬೇಕಾದಷ್ಟು ಸಿಗುತ್ತಿದ್ದರು. ಆದರೂ ಮಲ್ಲಿಕ ಎಲ್ಲರೆದುರು, "ಗುತ್ಯಾನ ಕೈಗೆ ಬಳ್ಳಿ ಮುರಿಯೂದಿಲ್ಲ, ಅವ ಬಂದ ಮ್ಯಾಲೆ ಇಳಸೂದು" ಎಂದು ಸಾರಿಬಿಟ್ಟ. ಊರು ನಂಬಿತು. ನಾನು ವರ್ಷವರ್ಷ ರಜೆ ಹಾಕಿ ಬಂದೆ.

ನಿಜ ಹೇಳಬೇಕೆಂದರೆ ನನ್ನ ಕೆಲಸ ಬಹಳ ಕೆಟ್ಟದು. ಬಳ್ಳಿಯನ್ನು ಬಾಳೆನಾರಿನಿಂದ ಸಡಿಲಾಗಿ ಕಟ್ಟಬೇಕು, ಕಾಂಡ ದಪ್ಪಗಾಗಲು ಜಾಗ ಬೇಕು. ನನ್ನ ಕೈಗೆ ಬಂದದ್ದು ಬಸ್ಸಿನ ಟಾಪಿನ ಗಂಟು ಒಂದೇ. ಎರಡು ಸುತ್ತು ಸುತ್ತಿ, ಅಡಿಯಿಂದ ತಂದು, ಬಿಗಿದು, ತುದಿಯನ್ನು ಒಳಗೆ ತುರುಕುವುದು. "ಲೇ, ಬಳ್ಳಿಗೆ ಉರ್ಲ ಹಾಕಾಕತ್ತೀ" ಎಂದು ಮಲ್ಲಿಕ ಬೈಯುತ್ತಿದ್ದ. ಆದರೆ ಒಂದು ಗಂಟನ್ನೂ ಬಿಚ್ಚಿ ತಿದ್ದಲಿಲ್ಲ. ನಾನು ಹೋದ ಮೇಲೆ ತಿಂಗಳುಗಟ್ಟಲೆ ಆ ಗಂಟುಗಳನ್ನು ನೋಡುತ್ತ ತಿರುಗಾಡುವುದಾಗಿ ಒಮ್ಮೆ ಬಾಯಿ ತಪ್ಪಿ ಹೇಳಿದ್ದ. ಅವನು ಪ್ರೀತಿಯ ಮಾತಾಡಿದವನೇ ಅಲ್ಲ. ನಾನೇನಾದರೂ ಕೇಳಿದರೆ ಒಂದು ಎಲೆ ಕಿತ್ತು ನನ್ನ ಬಾಯಿಗೆ ತುರುಕಿ ಬಾಯಿ ಮುಚ್ಚಿಸುತ್ತಿದ್ದ.

ರಫೀಕ ಹುಟ್ಟಿದ ವರ್ಷ ನಾನು ಜಗಳ ತೆಗೆದೆ. ಎಲ್ಲಿಗಾದರೂ ಹೋಗಿಬಿಡೋಣ, ಪುಣೆಗೆ ಹೋಗೋಣ, ನನಗೆ ಈ ವರ್ಷಕ್ಕೆ ನಾಲ್ಕು ದಿನದ ಬಾಳು ಸಾಕಾಗಿದೆ ಎಂದು ಗುಡಿಸಲಿನಲ್ಲಿ ಕೂತು ಅತ್ತೆ. ಮಲ್ಲಿಕ ನನ್ನ ಪಕ್ಕ ಬಂದು ಕೂತ. ಆಮೇಲೆ ಹೇಳಿದ:

"ಎಲ್ಲಿ ಹೋದ್ರೂ ಕೇಳ್ತಾರಲೇ. ಹರೇದವ್ರು ಇಬ್ಬರು ಒಂದ ಮನ್ಯಾಗ ಇದ್ರ ಓಣಿಗೆ ಓಣಿನ ಕೇಳ್ತೈತಿ. ಮುದುಕರಾಗೂತನಾ ತಡಿ. ಮುದುಕರನ್ನ ಯಾರೂ ನೋಡೂದಿಲ್ಲ. ಇಬ್ಬರು ಮುದುಕರು ಒಂದ ಗುಡಸಲದಾಗ ಮಲಗಿದ್ರ, ಪಾಪ ಜೋಡಿ ಅದಾರ ಅಂತಾರ ಅಷ್ಟ. ಮುದುಕರಾದ ಮ್ಯಾಲ ಬಂದ ಬಿಡು. ಇಲ್ಲೇ ಇರೂಣು."

ಅವನನ್ನು ಹೆಂಡತಿಗೆ ಹೆದರುವ ಹೇಡಿ ಎಂದು ಬೈದೆ. ಆದರೆ ಮಾತು ಮನಸ್ಸಿನಲ್ಲಿ ಕೂತಿತು. ಎಲ್ಲರೂ ಮುದಿತನಕ್ಕೆ ಹೆದರುತ್ತಿದ್ದರೆ ನಾವಿಬ್ಬರು ಅದಕ್ಕಾಗಿ ಕಾದೆವು. ಮೊದಲ ಬಿಳಿ ಕೂದಲು ಬಂದ ದಿನ ಅವನು ಬಸ್ಸಿನ ಕಿಟಕಿಯ ಕೆಳಗೆ ನಿಂತು, ತಲೆ ಬಗ್ಗಿಸಿ ತೋರಿಸಿ ನಕ್ಕಿದ್ದ. ನನಗೆ ಚಾಳೀಸು ಬಂದಾಗ ಪೇಡೆ ಕೊಡಿಸಿದ್ದ. ನಮ್ಮಂಥವರನ್ನು ಇನ್ನು ಪೊಲೀಸರು ಹಿಡಿಯುವುದಿಲ್ಲ ಎಂದು ಕೋರ್ಟು ಹೇಳಿದ ದಿನ ನಾನು ಪೇಪರು ಹಿಡಿದು ಓಡಿ ಬಂದಿದ್ದೆ. ಅವನು ಅಕ್ಷರ ಕೂಡಿಸಿ ಕೂಡಿಸಿ ಎಲ್ಲ ಓದಿ, "ಪೊಲೀಸರು ಹಿಡಿಯೂದಿಲ್ಲ ಖರೆ. ಹಾಜರಾಬಿ ಹಿಡೀತಾಳ" ಎಂದ. ಆ ಪೇಪರಿನಲ್ಲೇ ನನಗೆ ಎಲೆ ಸುತ್ತಿ ಕೊಟ್ಟ.

ಹಾಜರಾಬಿ ತೀರಿಕೊಂಡಾಗ ನಾವು ಮುದುಕರಾಗಿದ್ದೆವು. ಅವಳ ವರ್ಷ ಕಳೆಯಲಿ ಎಂದ. ಕಳೆಯಿತು. ಮಂಜವ್ವನ ಕಣ್ಣಿನ ಆಪರೇಷನ್ ಆಗಲಿ ಎಂದೆ. ಆಯಿತು. ಅಷ್ಟು ವರ್ಷ ಕಾದವರಿಗೆ ಇನ್ನೊಂದಿಷ್ಟು ದಿನ ಏನು ಮಹಾ ಅಂದುಕೊಂಡೆವು. ಅಷ್ಟರಲ್ಲಿ ಮಲ್ಲಿಕ ಮರೆಯಲು ಶುರು ಮಾಡಿದ. ಮೊದಲು ಮೋಟರಿನ ಸ್ವಿಚ್ಚು ಮರೆತ. ಆಮೇಲೆ ಮಸೀದಿಗೆ ಹೋಗಿ ಮನೆಯ ದಾರಿ ಮರೆತ. ಹೋದ ವರ್ಷ ನನ್ನ ಹೆಸರು ಒಮ್ಮೆ ಬರುತ್ತಿತ್ತು, ಒಮ್ಮೆ ಹೋಗುತ್ತಿತ್ತು.

ಈ ವರ್ಷ "ಬರ್ರಿ, ಕುಂತ್ರಿ."

ಗುಡಿಸಲ ಮುಂದೆ ಅವನಿಗೆ ಮಂಚ ಹಾಕಿದ್ದರು. ಬಿಳಿ ಗಡ್ಡ, ತೊಳೆದ ಬನಿಯನ್, ಮೊದಲಿಗಿಂತ ಅರ್ಧವಾದ ಮೈ. ಕಣ್ಣು ಮಾತ್ರ ಹಾಗೆಯೇ ಇತ್ತು, ಅದೇ ನನ್ನ ಕಷ್ಟ. ಏಣಿ ಹತ್ತುವ ಶಕ್ತಿ ನನ್ನ ಮೊಣಕಾಲಿಗೂ ಇರಲಿಲ್ಲ. ಹಿಂದಿನ ದಿನ ರಫೀಕನ ಅಂಗಡಿಯ ಆಳು ಎರಡು ಸಾಲಿನ ಬಳ್ಳಿಗಳನ್ನು ಮೇಲಿಂದ ಬಿಚ್ಚಿ ಇಳಿಬಿಟ್ಟು ಹೋಗಿದ್ದ. ಸುರುಳಿ ಸುತ್ತಿ ಹೂಳುವುದು, ತುದಿ ಕಟ್ಟುವುದು ನನ್ನ ಕೆಲಸ. ನಾನು ನಾರು ನೆನೆಸಿಟ್ಟು, ಒಂದೊಂದೇ ಬಳ್ಳಿಯ ಬುಡದಲ್ಲಿ ಕೂತು ಶುರು ಮಾಡಿದೆ.

"ಎಲ್ಲಿಂದ ಬಂದ್ರಿ?" ಎಂದು ಮಂಚದಿಂದ ಕೇಳಿದ.

"ಹಾನಗಲ್ಲಿಂದ."

"ಹಾನಗಲ್ಲ?" ಮುಖ ಅರಳಿತು. "ಅಲ್ಲೆ ನಮ್ಮಾಂವ ಒಬ್ಬ ಅದಾನ್ರಿ. ಕಂಡಕ್ಟರ್. ಗುತ್ಯಾ ಅಂತ. ನಿಮಗ ಗೊತ್ತಿರಬೇಕು."

ನನ್ನ ಕೈಯಲ್ಲಿದ್ದ ಬಳ್ಳಿ ಹಾಗೇ ನಿಂತಿತು. "ಗೊತ್ತೈತಿ" ಎಂದೆ.

"ಭಾಳ ಸಿಟ್ಟಿನಾಂವರಿ. ಮೂಗಿನ ಮ್ಯಾಲ ಸಿಟ್ಟು. ಆದ್ರ ನಕ್ಕಂದ್ರ..." ಎಂದು ಅವನು ತಾನೇ ನಕ್ಕ. ಸುತ್ತ ಯಾರಾದರೂ ಇದ್ದಾರೋ ಎಂದು ನೋಡಿ, ದನಿ ತಗ್ಗಿಸಿದ. "ಯಾರ ಮುಂದನೂ ಹೇಳಬ್ಯಾಡ್ರಿ. ನೀವು ಗುರ್ತು ಇಲ್ಲದವ್ರು ಅಂತ ಹೇಳಾಕತ್ತೇನಿ. ನನ್ನ ಜೀವ ಅಂದ್ರ ಅವನ ನೋಡ್ರಿ. ಹೆಂಡತಿ ಇದ್ದಳು, ಮಗ ಅದಾನ, ಎಲ್ಲಾರೂ ಚಲೋನ. ಆದ್ರ ಬೆಳಗಿನ ಬಸ್ಸಿನ ಸಪ್ಪಳ ಕೇಳಿದ್ರ ನನ್ನ ಎದಿ ಹೆಂಗ ಬಡ್ಕೋತಿತ್ತು ಅನ್ನೂದು ಅಲ್ಲಾಗ ಗೊತ್ತು. ಅವಗ ಒಂದ ದಿನಾನೂ ಹೇಳಲಿಲ್ಲ ನಾನು."

ನಲವತ್ತು ವರ್ಷ ಈ ಮಾತಿಗೆ ಕಿವಿ ತೆರೆದುಕೊಂಡು ಕೂತಿದ್ದೆ. ಈಗ ಕೇಳಿಸಿತು. ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಹೇಳಿದ್ದು ನನಗಲ್ಲ, ದಾರಿಹೋಕ ಮುದುಕನಿಗೆ. ಆ ದಾರಿಹೋಕನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ನೀವು ನಗಬೇಡಿ.

ತಡೆಯಲಾಗಲಿಲ್ಲ. ಎದ್ದು ಹೋಗಿ ಅವನ ಮುಂದೆ ಕೂತೆ. "ಮಲ್ಲಿಕಾ, ನಾನಲೇ. ನಾನ ಗುತ್ಯಾ."

ಅವನು ನನ್ನನ್ನು ದಿಟ್ಟಿಸಿದ. ಆಮೇಲೆ ಮುಖ ಬಿಗಿದುಕೊಂಡ. "ಚಾಷ್ಟಿ ಮಾಡಬ್ಯಾಡ್ರಿ ಹಿರ್ಯಾರ. ಗುತ್ಯಾ ನನಗಿಂತ ಸಣ್ಣಾಂವ. ನಿಮಗ ಹಲ್ಲ ಸೈತ ಇಲ್ಲ."

ನಾನು ಬಿಡಲಿಲ್ಲ. ಎದ್ದು ನಿಂತು, ಹಳೆಯ ದನಿ ತೆಗೆದು, "ಬಂಕಾಪುರ, ಬಂಕಾಪುರ, ಹಾನಗಲ್ಲ! ಯಾರ್ರಿ ಇಳಿಯೋರು? ರೈಟ್!" ಎಂದು ಕೂಗಿದೆ. ಪಕ್ಕದ ತೋಟದ ನಾಯಿ ಬೊಗಳಿತು. ಮಲ್ಲಿಕ ಸಂತೋಷದಿಂದ ತಲೆಯಾಡಿಸಿದ.

"ನೀವೂ ಕಂಡಕ್ಟರ್ ಏನ್ರಿ? ಹಂಗಾರ ಗುತ್ಯಾ ನಿಮಗ ಗೊತ್ತಿರಾಕ ಬೇಕು" ಎಂದ.

ನಾನು ಹಿಂದಿರುಗಿ ಬಳ್ಳಿಯ ಬುಡದಲ್ಲಿ ಕೂತೆ. ಕಣ್ಣು ಕಾಣದಷ್ಟು ನೀರು. ಹುಟ್ಟಿದಾಗಿನಿಂದ ಅದೆಷ್ಟು ಜನ ನಾನಲ್ಲದ ಹೆಸರುಗಳಿಂದ ನನ್ನನ್ನು ಕರೆದರು. ಆಗ ನನ್ನನ್ನು ನಾನು ಎಂದು ಬಲ್ಲವನು ಇವನೊಬ್ಬನಿದ್ದ. ಇವನ ತಲೆಯಲ್ಲಿ ನಾನು ಇನ್ನೂ ಇದ್ದೇನೆ, ಇಪ್ಪತ್ತೈದರ ಹುಡುಗ, ಖಾಕಿ ಅಂಗಿ, ಕರಿ ಬೂಟು. ಆ ಹುಡುಗ ಅಲ್ಲಿ ಗಟ್ಟಿಯಾಗಿ ಕೂತಿರುವುದರಿಂದಲೇ ಈ ಮುದುಕನಿಗೆ ಒಳಗೆ ಜಾಗವಿಲ್ಲ.

ಬಿಸಿಲು ಏರಿತು. ಮಲ್ಲಿಕ ಮಂಚದ ಮೇಲೆ ತೂಕಡಿಸಿದ. ನಾನು ಒಂದು ಸಾಲು ಮುಗಿಸಿ ಗುಡಿಸಲ ಹಿಂದೆ ಕೈ ತೊಳೆಯಲು ಹೋಗಿದ್ದೆ. ಆಗ ಅವನು ಕೂಗಿದ್ದು ಕೇಳಿಸಿತು.

"ಗುತ್ಯಾ! ಲೇ ಗುತ್ಯಾ!"

ಒದ್ದೆ ಕೈಯಲ್ಲೇ ಓಡಿ ಬಂದೆ. ಮೊಣಕಾಲಿನ ನೋವು ನೆನಪಾಗಲಿಲ್ಲ. ಮಲ್ಲಿಕ ಸಾಲಿನ ನಡುವೆ ನಿಂತಿದ್ದ. ಒಂದು ಬಳ್ಳಿಯ ಗಂಟನ್ನು ಎರಡು ಬೆರಳಲ್ಲಿ ಹಿಡಿದಿದ್ದ. ಅದನ್ನು ಬಿಟ್ಟು ಮುಂದಿನದನ್ನು ಹಿಡಿದ, ಮುಂದಿನದನ್ನು. ಎರಡು ಸುತ್ತು, ಅಡಿಯಿಂದ ಬಂದು, ಬಿಗಿದು, ತುದಿ ಒಳಗೆ. ಮುಖದ ಮೇಲೆ ಆ ಹಳೆಯ ನಗೆ, ಬಸ್ಸಿನ ಟಾಪಿನ ನಗೆ. ಅದನ್ನು ಮತ್ತೆ ನೋಡುತ್ತೇನೆಂದು ನಾನು ಎಣಿಸಿರಲಿಲ್ಲ.

"ನೋಡ್ರಿ! ಗುತ್ಯಾನ ಗಂಟು! ಹೊಸಾ ನಾರು, ಇನ್ನೂ ಹಸಿ ಐತಿ. ಗುತ್ಯಾ ಬಂದಾನ!"

"ಹೌದು, ಬಂದೇನಿ ಮಲ್ಲಿಕಾ" ಎಂದು ಕೈ ಚಾಚಿದೆ.

ಅವನು ನನ್ನ ಕೈ ಸರಿಸಿ, ನನ್ನನ್ನು ದಾಟಿ, ತೋಟದ ಬಾಗಿಲಿಗೆ ಓಡಿದ. ಓಟವೆಂದರೆ ಓಟವಲ್ಲ, ಆ ಕಾಲುಗಳಿಂದ ಆದಷ್ಟು. ಬಾಗಿಲಲ್ಲಿ ಬಗ್ಗಿ ನೋಡಿದ. ಅಲ್ಲಿ ಅವನ ಹಳೆಯ ಚಪ್ಪಲಿ ಇತ್ತು, ಪಕ್ಕದಲ್ಲಿ ನನ್ನ ನೀಲಿ ಚಪ್ಪಲಿ. ಕರಿ ಬೂಟು ಇರಲಿಲ್ಲ. ಓಣಿಯ ಆ ತುದಿ, ಈ ತುದಿ ನೋಡಿದ. ಮತ್ತೆ ಬಗ್ಗಿ ನೆಲ ನೋಡಿದ.

ನಾನು ಹೋಗಿ ಹಿಡಿಯುವಷ್ಟರಲ್ಲಿ ಅವನು ಬಾಗಿಲಿಗೆ ಒರಗಿ ಕುಸಿದು ಕೂತಿದ್ದ.

"ಬಂದು ಹೋದಾನ್ರಿ" ಎಂದ. "ನಾ ಮಲಗಿದ್ದೆ. ಎಲ್ಲಾ ಕಟ್ಯಾನ, ನನ್ನ ಎಬ್ಬಿಸಲಿಲ್ಲ. ಮಾರಿ ತೋರಸಲಿಲ್ಲ. ಸಿಟ್ಟ ಆಗ್ಯಾನ." ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತ. ಹಾಜರಾಬಿ ಸತ್ತಾಗಲೂ ಅವನು ಅಷ್ಟು ಅತ್ತಿದ್ದನ್ನು ನಾನು ನೋಡಿರಲಿಲ್ಲ.

ನನ್ನ ಗುರುತಾಗಲಿ ಎಂದು ಕಟ್ಟಿದ ಗಂಟುಗಳಲ್ಲ ಅವು, ನನಗೆ ಬೇರೆ ಗಂಟು ಬರುವುದೇ ಇಲ್ಲ. ಆದರೂ ಆ ಕ್ಷಣ ನನ್ನ ಕೈ ಕತ್ತರಿಸಿಕೊಳ್ಳಬೇಕು ಅನ್ನಿಸಿತು. ಗುರುತು ಹಿಡಿದ. ಇಡೀ ತೋಟದಲ್ಲಿ ನನ್ನ ಗಂಟಿನ ಗುರುತು ಹಿಡಿದ, ನನ್ನನ್ನು ಬಿಟ್ಟು. ನಾನು ಅವನ ಪಕ್ಕದಲ್ಲಿ ಕೂತು ಬೆನ್ನು ಸವರಿದೆ. ಬೇಡ ಅನ್ನಲಿಲ್ಲ.

ಅಷ್ಟರಲ್ಲಿ ರಫೀಕನ ಹೆಂಡತಿ ನುಜಹತ ಊಟದ ಬುಟ್ಟಿ ಹಿಡಿದು ಬಂದಳು. ಮಾವ ನೆಲದ ಮೇಲೆ ಕೂತು ಅಳುವುದನ್ನು ನೋಡಿ ಗಾಬರಿಯಾದಳು. "ಏನಾತ್ರಿ ಕಾಕಾ? ಬಿದ್ರೇನು?"

ನಾನು ಬಾಯಿ ತೆರೆಯುವ ಮೊದಲೇ ಮಲ್ಲಿಕ ಅವಳಿಗೆ ಹೇಳಿದ, "ಗುತ್ಯಾ ಬಂದಿದ್ದ ಬೇಟಿ. ನನ್ನ ಭೆಟ್ಟಿ ಆಗದ ಹ್ವಾದ."

"ಕಾಕಾ ಇಲ್ಲೇ ನಿಮ್ಮ ಬಾಜೂಕ ಅದಾರಲ್ರಿ ಮಾಮಾ."

"ಇವ್ರು? ಇವ್ರು ಪಾಪ ಕೆಲಸಕ್ಕ ಬಂದವ್ರು." ಅವನು ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದ. ನನ್ನ ಎರಡೂ ಕೈ ಹಿಡಿದುಕೊಂಡ. "ನೀವು ಸಂಜೀಗೆ ಹಾನಗಲ್ಲಿಗೆ ಹೋಗ್ತೀರಲ್ಲ. ಅವಗ ಒಂದ ಮಾತು ಮುಟ್ಟಸ್ರಿ. ಮುದುಕರಾದ ಮ್ಯಾಲ ಬಾ ಅಂತ ನಾನ ಹೇಳಿದ್ದೆ. ಇಲ್ಲೇ ಇರೂಣು ಅಂದಿದ್ದೆ. ನೋಡ್ರಿ, ನಾ ಆಗೇನಿ." ತನ್ನ ಸುಕ್ಕುಗಟ್ಟಿದ ಕೈ ತಿರುಗಿಸಿ ತೋರಿಸಿದ. "ಅವ ಇನ್ನೂ ಆಗಿಲ್ಲ ಕಾಣ್ತೈತಿ, ಅದಕ್ಕ ಬಂದಿಲ್ಲ. ಲಗೂನ ಮುದುಕ ಆಗು ಅಂತ ಹೇಳ್ರಿ. ನನ್ನ ಕಡೆ ಭಾಳ ದಿನ ಇಲ್ಲ."

"ಹೇಳ್ತೇನಿ" ಎಂದೆ.

ನುಜಹತ ನನ್ನ ಮುಖ ನೋಡಿದಳು, ಅವನು ಹಿಡಿದಿದ್ದ ನನ್ನ ಕೈ ನೋಡಿದಳು. ಅವಳಿಗೆ ಎಷ್ಟು ತಿಳಿಯಿತೋ ನಾನು ಅರಿಯೆ. ಗುಡಿಸಲಿಗೆ ಹೋಗಿ ಊಟ ಬಡಿಸಿದಳು. ಬುಟ್ಟಿಯಲ್ಲಿ ಎರಡು ಸಣ್ಣ ತಾಟು ತಂದಿದ್ದಳು. ಅವನ್ನು ಹಾಗೇ ಬಿಟ್ಟು, ಮೂಲೆಯಲ್ಲಿ ಒರಗಿಸಿದ್ದ ಹಾಜರಾಬಿಯ ಕಾಲದ ದೊಡ್ಡ ತಾಟನ್ನು ತೊಳೆದು ತಂದಳು. ಎಲ್ಲ ಅದರಲ್ಲೇ ಹಾಕಿದಳು.

ಊಟದ ನಂತರ ಬುಟ್ಟಿ ಎತ್ತಿಕೊಳ್ಳುತ್ತ, "ಸಾಲು ಇನ್ನೂ ಭಾಳ ಉಳದಾವಲ್ರಿ ಕಾಕಾ. ಮ್ಯಾಲಿಂದ ಬಿಚ್ಚಾಕ ಆಳ ಕಳಸ್ತೇನಿ, ಎಲ್ಲಾ ಇಳಸೇ ಬಿಡ್ರಿ" ಎಂದಳು.

"ತೋಟ ತಗೀತೇವಿ ಅಂದನಲ್ಲವಾ ರಫೀಕ?"

"ಇವ್ರಿಗೆ ನಾ ಹೇಳ್ತೇನಿ. ಇನ್ನೊಂದ ವರ್ಷ ಎಲಿ ಇದ್ರ ಏನ್ ಆಕ್ಕೈತಿ?" ಸೆರಗು ಸರಿಮಾಡಿಕೊಂಡಳು. "ದಿನಾ ಹಾನಗಲ್ಲಿಂದ ಯಾಕ ತಿರಗ್ಯಾಡ್ತೀರಿ, ನಿಮಗೂ ಮೊಣಕಾಲ ನೋವು. ಇಲ್ಲೇ ಇರ್ರಿ. ಮಾಮಾ ರಾತ್ರಿ ಎದ್ದು ಹೊರಗ ಹೋಗ್ತಾರ, ನಮಗ ನಿದ್ದಿ ಇಲ್ಲ. ಇಬ್ಬರು ಹಿರ್ಯಾರು ಜೋಡಿ ಇದ್ರ ನಮಗೂ ಧೈರ್ಯ."

ಅಷ್ಟು ಹೇಳಿ ಹೋದಳು. ಮಲ್ಲಿಕ ಅಂದು ಹೇಳಿದ್ದು ಸುಳ್ಳಾಗಲಿಲ್ಲ. ಯಾರೂ ಕೇಳಲಿಲ್ಲ. ಪಾಪ, ಜೋಡಿ ಇದ್ದಾರೆ ಎಂದರು, ಅಷ್ಟೇ. ನಾನು ಅಕ್ಕನಿಗೆ ಫೋನ್ ಮಾಡಿ, ಬರುವುದು ತಡವಾಗುತ್ತದೆ, ಔಷಧಿ ಕಳಿಸು ಎಂದೆ. ಎಷ್ಟು ದಿನ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. "ಇರಪಾ. ಅಂಗಿ ಅರಿವಿನೂ ಕಳಸ್ತೇನಿ" ಎಂದಳು.

ಗುಡಿಸಲಿನಲ್ಲಿ ತಂಪಿತ್ತು. ಮಲ್ಲಿಕ ನಮಾಜು ಮುಗಿಸಿ ಚಾಪೆ ಹಾಸಿದ. ನನ್ನ ಮುಖ ಮರೆತಿದ್ದರೂ ಅವನ ಮೈ ಹಳೆಯ ರೂಢಿ ಮರೆತಿರಲಿಲ್ಲ; ಗೋಡೆಯ ಕಡೆ ತಾನು ಒತ್ತಿಕೊಂಡು ಮಲಗಿ, ಬಾಗಿಲ ಕಡೆಯ ಅರ್ಧ ಖಾಲಿ ಬಿಟ್ಟ. ನಲವತ್ತು ವರ್ಷ ಮಧ್ಯಾಹ್ನದ ಹೊತ್ತು ನಾನು ಮಲಗಿದ ಜಾಗ ಅದು. ನಾನು ಅಲ್ಲಿ ಮೆಲ್ಲಗೆ ಮೈ ಚಾಚಿದೆ. ಬೆನ್ನಿಗೆ ಅವನ ಬಿಸಿ ತಾಗಿತು.

ಸ್ವಲ್ಪ ಹೊತ್ತಿನ ಮೇಲೆ ಅವನು ಭುಜ ತಟ್ಟಿದ. "ಹಿರ್ಯಾರ, ಸಿಟ್ಟ ಆಗಬ್ಯಾಡ್ರಿ. ಇದು ಗುತ್ಯಾನ ಜಾಗ. ಈಗ ಮಲಗ್ರಿ, ಅಡ್ಡಿಲ್ಲ. ಆದ್ರ ಅವ ಬಂದ್ರ ನೀವು ಏಳಬೇಕಾಕ್ಕೈತಿ."

"ಏಳ್ತೇನ್ರಿ" ಎಂದೆ.